ಮೊದಲೇ ಬರೆದದ್ದು

ಲೈಸೆನ್ಸ್ ಪರೀಕ್ಷೆಯ ಪಟ್ಟಿಯಲ್ಲಿ ಹದಿನಾಲ್ಕನೆಯ ಹೆಸರು ತಮ್ಮನ ಹೆಂಡತಿಯದು. ಓದಿದಾಗ ಅವನಿಗೆ ಏನೂ ಅನಿಸಲಿಲ್ಲ. ಏನಾದರೂ ಅನಿಸಬೇಕಿತ್ತಲ್ಲ ಎಂಬುದಷ್ಟೇ ಹೊಳೆಯಿತು. ಹೆಸರಿನ ಮುಂದೆ ವಯಸ್ಸು, ಅದರ ಮುಂದೆ ಗಂಡನ ಹೆಸರು, ಗಂಡನ ಹೆಸರಿಗೂ ಮೊದಲು ಗುಮಾಸ್ತ ಟೈಪು ಮಾಡಿದ್ದ 'ದಿವಂಗತ' ಎಂಬ ಪದ. ಜಾಗ ಸಾಲದೆ ತಮ್ಮನ ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ, ಕಾರೋ ಸ್ಕೂಟರೋ ಎಂದು ಬರೆಯುವ ಪಕ್ಕದ ಕಾಲಮಿಗೆ ನುಗ್ಗಿತ್ತು. ಬದುಕಿದ್ದಾಗಲೂ ಅವನು ಹಾಗೆಯೇ, ಕೊಟ್ಟ ಜಾಗದಲ್ಲಿ ಕೂರುತ್ತಿರಲಿಲ್ಲ. ಸಂಬಂಧಿಕರನ್ನು ಇನ್ಸ್‌ಪೆಕ್ಟರು ತಾನೇ ಪರೀಕ್ಷೆ ಮಾಡುವಂತಿಲ್ಲ ಎಂದು ನಿಯಮವಿದೆ, ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಆ ಇನ್ನೊಬ್ಬ ಇನ್ಸ್‌ಪೆಕ್ಟರ್ ದವಡೆಹಲ್ಲು ಕೀಳಿಸಿಕೊಂಡು ಗುರುವಾರದವರೆಗೆ ರಜೆಯಲ್ಲಿದ್ದ. ಹೆಸರಿನ ಪಕ್ಕದಲ್ಲಿ 'ಗುರುವಾರಕ್ಕೆ' ಎಂದು ಒಂದು ಪದ ಬರೆದರೆ ಮುಗಿಯುತ್ತಿತ್ತು. ಬರೆಯಲೆಂದೇ ಜೇಬಿನಿಂದ ಪೆನ್ಸಿಲು ತೆಗೆದ. ಬರೆಯಲಿಲ್ಲ. ಪೆನ್ಸಿಲು ತೆಗೆಯುವಾಗಲೇ ತಾನು ಬರೆಯುವುದಿಲ್ಲ ಎಂದು ಒಳಗೆಲ್ಲೋ ತಿಳಿದಿತ್ತೆ, ಅಥವಾ ಬರೆಯದೆ ಇದ್ದ ಮೇಲೆ ಹಾಗೆ ಅನಿಸಿತೆ ಎಂದು ಯೋಚಿಸುತ್ತ ರಟ್ಟಿಗೆ ಪಟ್ಟಿಯನ್ನು ಸಿಕ್ಕಿಸಿಕೊಂಡು ಮೆಟ್ಟಿಲಿಳಿದ. ಇಂಥ ಯೋಚನೆಗಳು ಈಚೆಗೆ ನೋಣದ ಹಾಗೆ ಬಂದು ಕೂರುತ್ತಿದ್ದವು. ಓಡಿಸಿದರೆ ಏಳುತ್ತಿದ್ದವು, ಒಂದು ಸುತ್ತು ಹಾಕಿ ಅಲ್ಲಿಯೇ ಕೂರುತ್ತಿದ್ದವು.

ಮೈದಾನದಲ್ಲಿ ತಗಡಿನ ಚಪ್ಪರದ ಕೆಳಗೆ ಜನ ಸಾಲಾಗಿ ನಿಂತಿದ್ದರು. ಡ್ರೈವಿಂಗ್ ಶಾಲೆಯ ಮೇಷ್ಟ್ರು ಕಾರಿನ ಗಾಜು ಒರೆಸುತ್ತ "ಬಂದ್ರು, ತ್ರಿಕಾಲ ಸಾಹೇಬ್ರು ಬಂದ್ರು" ಎಂದು ಪಕ್ಕದವನಿಗೆ ಹೇಳಿದ್ದು ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು. ಇಪ್ಪತ್ತಾರು ವರ್ಷದಿಂದ ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಪರೀಕ್ಷೆಗೆ ಬಂದವರು ಕಾರಿನ ಬಾಗಿಲು ತೆರೆದು, ಕೂತು, ಕನ್ನಡಿ ಮುಟ್ಟುವಷ್ಟರಲ್ಲಿ ಇವರು ಪಾಸೋ ನಾಪಾಸೋ ಎಂದು ಅವನಿಗೆ ತಿಳಿದುಬಿಡುತ್ತಿತ್ತು. ಹೇಗೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕೆಲವರು ಸೀಟಿನಲ್ಲಿ ಕೂರುತ್ತಾರೆ, ಕೆಲವರು ಸೀಟಿಗೆ ಹೆದರಿಕೊಂಡು ಕೂರುತ್ತಾರೆ, ಅಷ್ಟೆ. ಗಾಡಿ ಹೊರಡುವ ಮೊದಲೇ ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ 'ಪಾ' ಅಥವಾ 'ನಾ' ಎಂದು ಬರೆಯುತ್ತಿದ್ದ. ಪರೀಕ್ಷೆ ಮುಗಿದ ಮೇಲೆ ಪೆನ್ನಿನಿಂದ ಪೂರ್ತಿ ಬರೆದು, ಪೆನ್ಸಿಲಿನದನ್ನು ಅಳಿಸುತ್ತಿದ್ದ. ಮೊದಮೊದಲು ಅದೊಂದು ಆಟ. ಆಮೇಲೆ ಹೆಮ್ಮೆ. ಆಮೇಲೆ ಉಗುರು ಕಚ್ಚುವ ಹಾಗೆ ಒಂದು ಚಾಳಿ. ತಪ್ಪಿದ್ದು ಎಷ್ಟು ಸಲ ಎಂದು ಎಣಿಸಲು ಎರಡೂ ಕೈಯ ಬೆರಳು ಬೇಕಾಗಿರಲಿಲ್ಲ.

ಒಮ್ಮೆ, ಬಹಳ ವರ್ಷದ ಹಿಂದೆ, ಮೂರನೆಯ ಸಲ ಬಂದು ಮೂರನೆಯ ಸಲವೂ ನಾಪಾಸಾದ ಒಬ್ಬ ಟೈಲರಮ್ಮ ಕಾರಿನಿಂದ ಇಳಿಯದೆ ಕೂತಿದ್ದಳು. "ಸಾರ್, ನೀವು ಬೈಯಲ್ಲ ಅಂದ್ರೆ ಒಂದು ಮಾತು. ನಾನು ಗಾಡಿ ತೆಗೆಯೋಕೆ ಮುಂಚೇನೇ ನೀವು ಏನೋ ಬರೀತೀರಿ. ಪೆನ್ಸಿಲ್ ಸದ್ದು ಕೇಳ್ಸುತ್ತೆ. ಅದು ಕೇಳಿದ್ದೇ ಕಾಲು ನಡುಗೋಕೆ ಶುರುವಾಗುತ್ತೆ" ಎಂದಿದ್ದಳು. ಅವನು ಸಮಾಧಾನವಾಗಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದ್ದ: "ನೋಡಮ್ಮ, ನಾನು ಬರೆದೆ ಅಂತ ನೀವು ಫೇಲಾಗಲಿಲ್ಲ. ನೀವು ಫೇಲಾಗ್ತೀರಿ ಅಂತ ನಾನು ಬರೆದೆ." ಅವಳು ಲೆಕ್ಕ ಹಾಕುವವಳಂತೆ ಮುಂದೆ ನೋಡಿ, "ನಿಮಗೆ ಅದು ಎರಡು ಇರಬೌದು ಸಾರ್. ನನಗೆ ಒಂದೇ" ಎಂದು ಬಾಗಿಲು ಹಾಕಿಕೊಂಡು ಹೋದಳು. ಅವಳು ನಾಲ್ಕನೆಯ ಸಲ ಬರಲಿಲ್ಲ. ಆ ಮಾತನ್ನು ಅವನು ಮನೆಯಲ್ಲಿ ತಮಾಷೆಯಾಗಿ ಹೇಳಿ ಎಲ್ಲರನ್ನೂ ನಗಿಸಿದ್ದ. ತಮ್ಮ ಮಾತ್ರ ನಗದೆ "ಪಾಪ" ಎಂದಿದ್ದ.

ಅವನು ಟೈಲರಮ್ಮನಿಗೆ ಹೇಳಿದ್ದು ಅವನ ಮಾತಲ್ಲ, ಅಪ್ಪನದು. ಅಪ್ಪ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಮೇಷ್ಟ್ರು. ಸಂಜೆ ಮನೆಯ ನಡುಕೋಣೆಯಲ್ಲಿ ನೆರೆಹೊರೆಯ ಏಳೆಂಟು ಜನರನ್ನು ಕೂರಿಸಿಕೊಂಡು ದೇವರ ವಿಷಯ ಮಾತಾಡುತ್ತಿದ್ದ, ಅದೇ ಧ್ವನಿಯಲ್ಲಿ, ಅದೇ ಸೀಮೆಸುಣ್ಣದ ಬೆರಳಿನಲ್ಲಿ. ನಡೆದದ್ದು, ನಡೆಯುತ್ತಿರುವುದು, ನಡೆಯಲಿರುವುದು ಎಲ್ಲ ದೇವರಿಗೆ ಒಂದೇ ನೋಟಕ್ಕೆ ಕಾಣುತ್ತದೆ ಎಂದು ಅಪ್ಪ ಹೇಳಿದಾಗ, ಗೋಡೆಗೊರಗಿ ಕೂತಿದ್ದ ತಮ್ಮ, ಆಗ ಅವನಿಗೆ ಹತ್ತು ವರ್ಷ, "ನಾನು ನಾಳೆ ಸುಳ್ಳು ಹೇಳ್ತೀನಿ ಅಂತ ದೇವರಿಗೆ ಇವತ್ತೇ ಗೊತ್ತಾ?" ಎಂದು ಕೇಳಿದ್ದ. ಗೊತ್ತು. "ಹಾಗಾದ್ರೆ ನಾಳೆ ನಾನು ಹೇಳದೆ ಇರೋಕಾಗುತ್ತಾ?" ಅಪ್ಪ ಕನ್ನಡಕ ತೆಗೆದು ಒರೆಸಿದ. "ಗೊತ್ತಿರೋದು ಬೇರೆ, ಮಾಡಿಸೋದು ಬೇರೆ ಕಣೋ. ಅವನಿಗೆ ಗೊತ್ತು ಅಂತ ನೀನು ಹೇಳೋದಲ್ಲ. ನೀನು ಹೇಳ್ತೀಯ ಅಂತ ಅವನಿಗೆ ಗೊತ್ತು." ತಮ್ಮ ಬಿಡಲಿಲ್ಲ. "ನಾನು ಹೇಳದೆ ಇದ್ದುಬಿಟ್ರೆ?" "ನೀನು ಹೇಳೋದಿಲ್ಲ ಅಂತ ಗೊತ್ತಿರುತ್ತೆ." "ಅಂದ್ರೆ ದೇವರು ನನ್ನ ನೋಡ್ಕೊಂಡು ಕಾಪಿ ಹೊಡೀತಾನೆ" ಎಂದ ತಮ್ಮ. ನೆರೆಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ನಗಲಿಲ್ಲ, ಹೊಡೆಯಲೂ ಇಲ್ಲ. ಉತ್ತರವಿಲ್ಲದ ಲೆಕ್ಕ ಕೊಟ್ಟ ಹುಡುಗನನ್ನು ನೋಡುವ ಹಾಗೆ ನೋಡಿದ. ಹಿರಿಯ ಮಗನಾದ ತನಗೆ ಆ ನೋಟ ಅಪ್ಪನಿಂದ ಒಮ್ಮೆಯೂ ಸಿಗಲಿಲ್ಲ ಎಂಬುದು ಅವನಿಗೆ ಇವತ್ತಿಗೂ ನೆನಪಿತ್ತು. ಐವತ್ತನಾಲ್ಕು ವರ್ಷದವನು, ತಲೆ ನರೆತವನು, ಸತ್ತ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದ. ಅದೂ ಬಿಸಿಯಾಗಿರಲಿಲ್ಲ, ಆರಿದ ಇಸ್ತ್ರಿಪೆಟ್ಟಿಗೆಯ ಹಾಗೆ ಬರೀ ಭಾರ.

ಮೊದಲನೆಯವನು ಒಬ್ಬ ಬೇಕರಿಯವನು. ಕೈಗೆ ಬ್ರೆಡ್ಡಿನ ವಾಸನೆ. 'ಪಾ' ಎಂದು ಬರೆದ, ಪಾಸಾದ. ಎರಡನೆಯವಳು ಕಾಲೇಜಿನ ಹುಡುಗಿ, ಕನ್ನಡಿಯಲ್ಲಿ ಮೊದಲು ತನ್ನ ಮುಖ ನೋಡಿಕೊಂಡಳು. 'ನಾ'. ಎಂಟರ ಆಕಾರದ ದಾರಿಯಲ್ಲಿ ಎರಡು ಕಂಬ ಕೆಡವಿದಳು. ಮೂರು, ನಾಲ್ಕು, ಐದು. ಅವನ ಬಾಯಿ 'ಎಡಕ್ಕೆ, ನಿಧಾನ, ಹಿಂದಕ್ಕೆ ತಗೊಳ್ಳಿ' ಎಂದು ತಾನೇ ಹೇಳಿಕೊಳ್ಳುತ್ತಿತ್ತು. ಮೈದಾನದ ಕೊನೆಯಲ್ಲಿ ಸಿಮೆಂಟಿನ ದಿಬ್ಬ. ಅದರ ಅರ್ಧಕ್ಕೆ ಹತ್ತಿ, ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡಬೇಕು. ಹೆಚ್ಚು ಜನ ಕೆಡುವುದು ಅಲ್ಲಿಯೇ. ಅರ್ಧ ಕ್ಲಚ್ಚಿನಲ್ಲಿ ಗಾಡಿ ನಡುಗುತ್ತದಲ್ಲ, ಹೋಗುವುದೂ ಅಲ್ಲದ ಜಾರುವುದೂ ಅಲ್ಲದ ಆ ಒಂದೆರಡು ಕ್ಷಣ, ಆಗ ಅವರ ತೊಡೆ ಪ್ಯಾಂಟಿನೊಳಗೆ, ಸೀರೆಯೊಳಗೆ ನಡುಗುವುದು ಅವನಿಗೆ ಕಾಣುತ್ತಿತ್ತು. ತಮ್ಮ ಕುಡಿಯುವುದನ್ನು ಬಿಟ್ಟಿದ್ದ ಹನ್ನೊಂದು ತಿಂಗಳೂ ಹಾಗೆಯೇ ಕಾಣುತ್ತಿದ್ದ.

ತಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಕುಡಿತ ಬಿಟ್ಟ ಮೇಲೆ ಕೈ ನಡುಗುವುದು ನಿಂತಿತೆಂದು ಅಂಗಡಿಯವರು ಮತ್ತೆ ಕರೆದಿದ್ದರು. ಆ ಕೊನೆಯ ಭಾನುವಾರ ಅವನು ತಮ್ಮನ ಮನೆಗೆ ಹೋಗಿದ್ದು ಯಾವುದೋ ಕಾಗದಕ್ಕೆ ರುಜು ಹಾಕಿಸಲು. ಊಟವಾಗಿತ್ತು. ತಮ್ಮನ ಹೆಂಡತಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ತಮ್ಮ ನಡುಕೋಣೆಯಲ್ಲಿ ಕೂತು, "ಬುಧವಾರಕ್ಕೆ ಹನ್ನೊಂದು ತಿಂಗಳು" ಎಂದ. ಅವನು "ಹ್ಞೂಂ" ಎಂದ. "ಅಣ್ಣ, ನೀನು ಎಲ್ಲರ ಮುಖ ನೋಡಿ ಹೇಳ್ತೀಯಲ್ಲ. ನನ್ನ ಮುಖ ನೋಡಿ ಹೇಳು. ಪಾಸಾ, ಫೇಲಾ?" ಅವನು ಕಿತ್ತಳೆ ಸುಲಿಯುತ್ತಿದ್ದ. "ಸುಮ್ನಿರೋ" ಎಂದ. "ಇಲ್ಲ, ಹೇಳು. ಅಪ್ಪನ ದೇವರಿಗಾದ್ರೆ ಬಾಯಿಲ್ಲ. ನಿನಗಿದೆಯಲ್ಲ." ಆಗ ತಲೆಯೆತ್ತಿ ನೋಡಿದ. ತಮ್ಮ ನಗುತ್ತಿದ್ದ, ಆದರೆ ಮುಖ ಪರೀಕ್ಷೆಗೆ ಬಂದವರದು. ಸೀಟಿಗೆ ಹೆದರಿಕೊಂಡು ಕೂತವರದು. ಅವನಿಗೆ ತಿಳಿಯಿತು. ತಿಳಿದದ್ದನ್ನು ಕಿತ್ತಳೆಯ ಬೀಜ ಉಗುಳುವ ಹಾಗೆ ಹೇಳಿದ: "ವರ್ಷ ತುಂಬಲ್ಲ ಬಿಡು." ತಮ್ಮ, "ನಿನ್ನದು ತಪ್ಪಿದ್ದೇ ಇಲ್ಲ ಅಲ್ವಾ" ಎಂದ. ಹಾಸ್ಯದಂತೆಯೇ ಹೇಳಿದ. ಅವನು ನಾಲ್ಕು ಗಂಟೆಗೆ ಎದ್ದು ಬಂದ. ಆರೂವರೆಗೆ ಮುಖ್ಯರಸ್ತೆಯಲ್ಲಿ, ಕಂಠಪೂರ್ತಿ ಕುಡಿದಿದ್ದ ತಮ್ಮ ಪಾದಚಾರಿ ಕಟ್ಟೆಯಿಂದ ಕೆಳಗೆ ಕಾಲಿಟ್ಟ. ನೀರಿನ ಲಾರಿ. ಚಾಲಕನದು ತಪ್ಪಿರಲಿಲ್ಲ. ಒಂದು ವಾರದ ನಂತರ ಅವನು ಯಾರಿಗೂ ಹೇಳದೆ ಆ ಚಾಲಕನ ಲೈಸೆನ್ಸಿನ ದಾಖಲೆ ತೆಗೆಸಿ ನೋಡಿದ್ದ, ತನ್ನ ರುಜು ಇರಬಹುದೇ ಎಂದು. ಇರಲಿಲ್ಲ. ಬೇರೆ ಕಚೇರಿ, ಬೇರೆ ಯಾರದೋ ವಕ್ರ ಅಕ್ಷರ. ಸಮಾಧಾನವಾಗುವ ಬದಲು ನಿರಾಸೆಯಾಯಿತು. ರುಜು ಇದ್ದಿದ್ದರೆ ಅದು ಹೇಳಿಕೊಳ್ಳಬಹುದಾದ ತಪ್ಪಾಗುತ್ತಿತ್ತು. ಕಿತ್ತಳೆ ತಿನ್ನುತ್ತ ಆಡಿದ ಮೂರು ಪದವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಅಮ್ಮ ಗೋಡೆ ನೋಡುತ್ತ, "ಹಣೇಲಿ ಬರೆದಿತ್ತು, ಯಾರು ಏನು ಮಾಡೋಕಾಗುತ್ತೆ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಅವನಿಗೆ ತನ್ನ ಪೆನ್ಸಿಲು ಕಣ್ಣಿಗೆ ಕಟ್ಟುತ್ತಿತ್ತು.

ದೇವರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದದ್ದು ತಪ್ಪುವಂತಿರಲಿಲ್ಲ ಎಂದಾದರೆ ತನ್ನದೇನೂ ಇಲ್ಲ; ತಾನೂ ನೀರಿನ ಲಾರಿಯ ಹಾಗೆ, ಆ ಹೊತ್ತಿಗೆ ಅಲ್ಲಿ ಬಂದವನು. ಗೊತ್ತಿರುವುದು ಯಾರನ್ನೂ ನೂಕುವುದಿಲ್ಲ ಎಂಬ ಅಪ್ಪನ ಮಾತು ನಿಜವಾದರೂ ತನ್ನದೇನೂ ಇಲ್ಲ. ತನಗೆ ಗೊತ್ತಿತ್ತು, ಅಷ್ಟೆ. ಎರಡು ದಾರಿಯಲ್ಲೂ ಅವನು ಬಿಡುಗಡೆಯಾಗುತ್ತಿದ್ದ. ಬಿಡುಗಡೆಯಾದವನಿಗೆ ಮಾತ್ರ ಅನ್ನ ರುಚಿಸುತ್ತಿರಲಿಲ್ಲ. ತಮ್ಮ ಸತ್ತ ಮೇಲೆ ಒಂಬತ್ತು ತಿಂಗಳಿಂದ ತನ್ನ ಕಾರನ್ನು ಮುಟ್ಟಿರಲಿಲ್ಲ. ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಕಚೇರಿಗೆ ಬರುತ್ತಿದ್ದ. ಹೆಂಡತಿ ಕೇಳಿದಾಗ ಸೊಂಟನೋವು ಎಂದಿದ್ದ. ಅವಳು ದಿನವೂ ಎಣ್ಣೆ ಕಾಯಿಸಿ ಸೊಂಟಕ್ಕೆ ತಿಕ್ಕುತ್ತಿದ್ದಳು. ಇಲ್ಲದ ನೋವಿಗೆ ಅವಳ ಅಂಗೈ ಬಿಸಿಯಾಗುತ್ತಿತ್ತು, ಅವನು ಕಣ್ಣುಮುಚ್ಚಿ 'ಸ್ವಲ್ಪ ಕೆಳಗೆ' ಎನ್ನುತ್ತಿದ್ದ. ಅಪ್ಪನ ದೇವರಿಗೂ ತನಗೂ ಇದ್ದ ವ್ಯತ್ಯಾಸ ಒಂದೇ ಎಂದು ಹಾಗೆ ಬೋರಲು ಮಲಗಿದ್ದಾಗ ಒಮ್ಮೆ ಹೊಳೆದಿತ್ತು. ದೇವರು ಬಾಯಿ ಬಿಡುವುದಿಲ್ಲ. ಎಲ್ಲವನ್ನೂ ತಿಳಿದು ಒಂದನ್ನೂ ಹೇಳುವುದಿಲ್ಲ. ಇಡೀ ಜಗತ್ತು ಮೌನವೆಂದು, ಕ್ರೂರವೆಂದು ಬೈಯುವುದು ಅದನ್ನೇ. ಅದು ಅವನು ತೋರುವ ಮರ್ಯಾದೆ ಇರಬಹುದು. ಹೊಳೆದದ್ದರಿಂದ ಏನೂ ಆಗಲಿಲ್ಲ. ಹೆಂಡತಿ ಎಣ್ಣೆಯ ಬಟ್ಟಲು ಎತ್ತಿಕೊಂಡು ದೀಪ ಆರಿಸಿ ಹೋದಳು.

"ಸಾರ್, ಹದಿನಾಲ್ಕನೇದು ನಿಮ್ಮ ಮನೆಯೋರಂತೆ?" ಡ್ರೈವಿಂಗ್ ಶಾಲೆಯ ಮೇಷ್ಟ್ರು ಚಹಾದ ಲೋಟ ಕೊಡುತ್ತ ಪಕ್ಕಕ್ಕೆ ಬಂದು ಕೇಳಿದ.

"ಯಾರು ಹೇಳಿದ್ದು?"

"ಅವರು ತುಟಿ ಬಿಚ್ಚಿಲ್ಲ, ನಾನೇ ಅರ್ಜಿ ನೋಡಿದೆ. ಆಸ್ಪತ್ರೆ ಬಟ್ಟೆ ಒಗೆಯೋ ಕಂಪನೀಲಿ ನೆನೆಸೋ, ಮಡಚೋ ಕೆಲಸ ಮಾಡ್ತಾರೆ. ಲೈಸೆನ್ಸ್ ಆದ್ರೆ ಅಲ್ಲೇ ವ್ಯಾನ್ ಓಡಿಸೋ ಕೆಲಸ ಕೊಡ್ತಾರಂತೆ, ಸಂಬಳ ಒಂದೂವರೆ ಪಟ್ಟು. ಕೈ ಚೆನ್ನಾಗಿದೆ ಸಾರ್. ದಿಬ್ಬದಲ್ಲಿ ಮಾತ್ರ ಸ್ವಲ್ಪ ಜೀವ ಹೋದೋರ ಥರ ಆಡ್ತಾರೆ." ಆಡಿದ ಮೇಲೆ ಮೇಷ್ಟ್ರಿಗೆ ಅದು ಆಡಬಾರದ ಮಾತು ಅನಿಸಿರಬೇಕು, ಚಪ್ಪರದ ತಗಡು ನೋಡತೊಡಗಿದ. ಅವನು ಚಹಾ ಕುಡಿದ. ಸಕ್ಕರೆ ಇತ್ತೋ ಇಲ್ಲವೋ ನಾಲಗೆಗೆ ತಿಳಿಯಲಿಲ್ಲ.

ಹನ್ನೆರಡನೆಯವನು ಪಾಸಾದ, ಹದಿಮೂರನೆಯವನು ಬಂದಿರಲಿಲ್ಲ. ಅವಳು ಚಪ್ಪರದಿಂದ ಹೊರಬಂದು ಬಿಸಿಲಿನಲ್ಲಿ ನಡೆದು ಬರುವುದನ್ನು ಕಾರಿನೊಳಗೆ ಕೂತು ನೋಡಿದ. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದಳು. ಬಾಗಿಲು ತೆರೆದಳು, ಕೂತಳು, ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಮುಟ್ಟಿದಳು. ಅಷ್ಟರಲ್ಲಿ ಅವನಿಗೆ ತಿಳಿಯಿತು. ಎಂಟರ ದಾರಿ ಚೆನ್ನಾಗಿ ಮಾಡುತ್ತಾಳೆ, ಹಿಂದಕ್ಕೆ ತೆಗೆಯುವುದೂ ಸರಿ, ದಿಬ್ಬದಲ್ಲಿ ಜಾರುತ್ತಾಳೆ. ನಾಪಾಸು. ಕೈ ರಟ್ಟಿನ ಮೇಲೆ ಬಾಗಿ 'ಪಾ' ಎಂದು ಬರೆಯಿತು. ಇಪ್ಪತ್ತಾರು ವರ್ಷದಲ್ಲಿ ತಿಳಿದದ್ದಕ್ಕೆ ವಿರುದ್ಧವಾಗಿ ಬರೆದದ್ದು ಇದೇ ಮೊದಲು, ಮತ್ತು ಬೆಳಿಗ್ಗೆ 'ಗುರುವಾರಕ್ಕೆ' ಎಂದು ಬರೆಯದೆ ಇದ್ದದ್ದು ಇದಕ್ಕಾಗಿ ಎಂದು ಆಗ ಅರ್ಥವಾಯಿತು. ಅವಳು ಹಿಂದಕ್ಕೆ ಜಾರಲಿ, ಕಂಬ ಕೆಡವಲಿ, ಗೋಡೆಗೆ ಗುದ್ದಲಿ, ಅವಳು ಪಾಸು. ಒಂದು ವ್ಯಾನು, ಒಂದೂವರೆ ಪಟ್ಟು ಸಂಬಳ. ಅಷ್ಟರಿಂದ ಏನಾದರೂ ತೀರುತ್ತದೆಂದು ನಂಬಿರಲಿಲ್ಲ. ತೀರದಿದ್ದರೂ ಕೊಡಲು ಅವನ ಹತ್ತಿರ ಇದ್ದದ್ದು ಅಷ್ಟೇ.

"ನಮಸ್ಕಾರ ಸಾರ್" ಎಂದಳು ಅವಳು, ಹೊರಗಿನವರಿಗೆ ಕೇಳುವಷ್ಟು. ಗಾಜು ಏರಿಸಿದ ಮೇಲೆ, "ಅತ್ತೆ ಹೇಗಿದಾರೆ ಭಾವ?" ಎಂದಳು.

"ಇದ್ದಾಳೆ. ಹೊರಡಮ್ಮ. ಎಂಟರಲ್ಲಿ ಒಂದು ಸುತ್ತು."

ಎಂಟರಲ್ಲಿ ಸುತ್ತಿದಳು. ಒಂದು ಕಂಬವೂ ಅಲುಗಲಿಲ್ಲ. ಅವಳ ಕೈಗಳು ಒಗೆಯುವ ಸೋಡಾದಲ್ಲಿ ಬಿಳಿಚಿ, ಬೆರಳ ತುದಿ ಸುಕ್ಕಾಗಿದ್ದವು. ತಮ್ಮ ಸತ್ತ ಮೇಲೆ ಅವನು ಆ ಮನೆಗೆ ಹೋಗಿದ್ದು ಮೂರು ಸಲ. ಮೂರು ಸಲವೂ ಬಾಗಿಲಲ್ಲಿ ನಿಂತು, ಹೆಂಡತಿ ಕೊಟ್ಟ ಚೀಲ ಕೊಟ್ಟು, 'ಬಸ್ಸಿಗೆ ಹೊತ್ತಾಯ್ತು' ಎಂದು ತಿರುಗಿದ್ದ. ಹಿಂದಕ್ಕೆ ತೆಗೆಯಲು ಅವಳು ಕತ್ತು ಹೊರಳಿಸಿದಳು. ಹೊರಳಿಸಿದವಳ ಕಣ್ಣು ಅವನ ತೊಡೆಯ ಮೇಲಿದ್ದ ರಟ್ಟಿನ ಮೇಲೆ ಒಂದು ಕ್ಷಣ ನಿಂತಿತು. ಗಾಡಿಯನ್ನು ಗೆರೆಯ ನಡುವೆ ಸರಿಯಾಗಿ ನಿಲ್ಲಿಸಿ, ಗೇರು ತೆಗೆದು, ಮುಂದೆ ನೋಡುತ್ತ ಕೇಳಿದಳು.

"ಅದು ಮೊದಲೇ ಬರೆದಿದ್ದೀರಾ?"

"ಅದೇನಿಲ್ಲ. ನನ್ನದೊಂದು ಗುರುತು."

"ಅವರು ಹೇಳ್ತಿದ್ರು, ನೀವು ಮೊದಲೇ ಬರೀತೀರಿ ಅಂತ. ಟೈಲರಮ್ಮನ ಕಥೆ."

ಅವನು "ದಿಬ್ಬಕ್ಕೆ ಹೋಗೋಣ" ಎಂದ. ಧ್ವನಿ ಕಚೇರಿಯದಾಗಿತ್ತು. ಅವಳು ಹೊರಟಳು. ಮೈದಾನದ ಉದ್ದಕ್ಕೂ ಎರಡನೆಯ ಗೇರಿನಲ್ಲಿ, ಆತುರವಿಲ್ಲದೆ. ದಿಬ್ಬದ ಬುಡಕ್ಕೆ ಬಂದಾಗ, ಹವೆ ಹೇಗಿದೆ ಎಂದು ಮಾತಾಡುವವರ ಹಾಗೆ ಹೇಳಿದಳು: "ಆವತ್ತು ನೀವು ಹೇಳಿದ್ದು ನನಗೆ ಕೇಳಿಸ್ತು. ನಲ್ಲಿ ನಿಲ್ಲಿಸಿದ್ದೆ ಆಗ."

ಅವನು ಕಾಯುತ್ತಿದ್ದದ್ದು ಇದನ್ನೇ ಎಂದು ಆಗ ತಿಳಿಯಿತು. ಒಂಬತ್ತು ತಿಂಗಳಿಂದ ಯಾರಾದರೂ ಇದನ್ನು ಬಾಯಿಬಿಟ್ಟು ಹೇಳಲಿ, ಹೇಳಿ ಉಗಿಯಲಿ ಎಂದು ಬಸ್ಸಿನ ಕಂಬ ಹಿಡಿದು ನಿಂತಿದ್ದ. ಎದೆಯಲ್ಲಿ ಏನಾದರೂ ಕದಲುತ್ತದೇನೋ ಎಂದು ನೋಡಿಕೊಂಡ. ಕದಲಲಿಲ್ಲ. "ನಾನು ಹೇಳಬಾರದಿತ್ತು" ಎಂದ. ಎಷ್ಟೋ ಸಲ ಒಳಗೆ ಹೇಳಿಕೊಂಡು ಸವೆದುಹೋಗಿದ್ದ ಮಾತು ಹೊರಗೆ ಬಂದಾಗ ಕರಪತ್ರ ಓದಿದ ಹಾಗಿತ್ತು. "ನಾನು ಹೇಳದೆ ಇದ್ದಿದ್ರೆ ಅವನು..."

"ನೀವು ಹೋದ ಮೇಲೆ ಅವರು ಅರ್ಧ ಗಂಟೆ ಹೊಸ್ತಿಲ ಮೇಲೆ ಕೂತಿದ್ರು ಭಾವ." ಅವಳು ಅವನ ಮಾತನ್ನು ಕಡಿಯಲಿಲ್ಲ, ಅದರ ಪಕ್ಕದಲ್ಲಿ ತನ್ನದನ್ನು ಇಟ್ಟಳು ಅಷ್ಟೆ. ಗಾಡಿ ದಿಬ್ಬದ ಅರ್ಧಕ್ಕೆ ಹತ್ತಿ ನಿಂತಿತು. ಅವಳು ಹ್ಯಾಂಡ್‌ಬ್ರೇಕ್ ಎಳೆದಳು. "ಚಪ್ಪಲಿ ಹಾಕ್ಕೊಂಡ್ರು. ಬಿಚ್ಚಿದ್ರು. ಒಳಗೆ ಬಂದು ನೀರು ಕುಡಿದ್ರು. ಮತ್ತೆ ಹೋಗಿ ಕೂತ್ರು. ಪಕ್ಕದ ಮನೆ ಮಗು ಬಂತು, ಅದಕ್ಕೆ ಬೆರಳಲ್ಲಿ ಏನೋ ಆಟ ತೋರಿಸಿದ್ರು. ಅದು ಹೋಯ್ತು. ಆಮೇಲೆ ಮತ್ತೆ ಹಾಕ್ಕೊಂಡ್ರು. ನಾನು ಒಳಗಿಂದ ಎಲ್ಲಾ ನೋಡ್ತಿದ್ದೆ. ಕರೀಬೌದಿತ್ತು. ಎರಡು ಹೆಜ್ಜೆ. ನನಗೂ ಹನ್ನೊಂದು ತಿಂಗಳು ಕಾದು ಕಾದು ಸಾಕಾಗಿತ್ತು. ಹೋಗೋದಾದ್ರೆ ಹೋಗ್ಲಿ ಅನ್ನಿಸ್ತು. ಕರೀಲಿಲ್ಲ."

"ಅದು ನಿನ್ನ ತಪ್ಪಲ್ಲ."

"ನನ್ನದೇ. ಅದು ನನ್ನದು, ಇರಲಿ. ಆದ್ರೆ ಆ ಅರ್ಧ ಗಂಟೆ ಅವರದು ಭಾವ. ನೀವು ಒಂದು ಮಾತು ಹೇಳಿ ಅವರನ್ನ ಕೊಂದೆ ಅಂತ ಓಡಾಡ್ತೀರಲ್ಲ, ಮನೆ ಬಾಗಿಲಿಗೆ ಬಂದು ಒಳಗೆ ಬರದೆ ಹೋಗ್ತೀರಲ್ಲ, ಆಗ ಆ ಅರ್ಧ ಗಂಟೆ ಇಲ್ಲದೇ ಇದ್ದ ಹಾಗಾಗುತ್ತೆ. ಅವರು ಏನೋ ಕೀಲಿಕೊಟ್ಟ ಗೊಂಬೆ ಥರ. ಅವರು ಕಷ್ಟಪಟ್ರು ಅಲ್ಲಿ ಕೂತ್ಕೊಂಡು. ಗೆಲ್ಲೋ ಹಾಗೆ ಇತ್ತು. ನಾನು ನೋಡಿದೀನಿ, ಒಂದು ಸಲ ಗೆದ್ದೇಬಿಟ್ರು ಅನ್ನಿಸ್ತು. ಅದನ್ನೂ ನೀವು ತಗೋಬೇಡಿ."

ಎಂಜಿನ್ನು ಸಣ್ಣಗೆ ನಡುಗುತ್ತಿತ್ತು. ಅವನು ಹೊಸ್ತಿಲನ್ನು ನೋಡುತ್ತಿದ್ದ, ತಾನು ನಾಲ್ಕು ಗಂಟೆಗೆ ದಾಟಿ ಬಂದ, ಬಣ್ಣ ಹೋದ, ಒಂದು ಮೂಲೆ ಸವೆದ ಮರದ ಹೊಸ್ತಿಲು. ಅದರ ಮೇಲೆ ಅವನಿಲ್ಲದ ಅರ್ಧ ಗಂಟೆ ಇತ್ತು ಎಂಬುದು ಅವನಿಗೆ ಎಂದೂ ಹೊಳೆದಿರಲಿಲ್ಲ. ತನ್ನ ಮಾತಿನಿಂದ ನೀರಿನ ಲಾರಿಯವರೆಗೆ ಒಂದು ನೇರ ಗೆರೆ ಎಳೆದುಕೊಂಡಿದ್ದ. ಆ ಗೆರೆಯಲ್ಲಿ ಚಪ್ಪಲಿ ಬಿಚ್ಚಿದ್ದು ಇರಲಿಲ್ಲ, ಮಗು ಇರಲಿಲ್ಲ, ನೀರು ಇರಲಿಲ್ಲ. ದೇವರಿಗೆ ಗೊತ್ತಿದ್ದರೆ ಅದೂ ಗೊತ್ತಿರಬೇಕು, ಚಪ್ಪಲಿ ಎಷ್ಟು ಸಲ ಬಿಚ್ಚಿದ ಎಂದು ಸಹ. ಅವನಿಗೆ ಗೊತ್ತಿದ್ದದ್ದು ಪಾಸೋ ನಾಪಾಸೋ ಎಂಬುದು ಮಾತ್ರ. ಅದನ್ನು ತಿಳಿವಳಿಕೆ ಎಂದು ಕರೆದುಕೊಂಡಿದ್ದ.

ಅವಳು ಬೀಗದ ಕೈ ತಿರುಗಿಸಿ ಎಂಜಿನ್ನು ಆರಿಸಿದಳು. "ಇವತ್ತು ಬೇಡ ಭಾವ."

"ಯಾಕೆ? ಇದೊಂದೇ ಉಳಿದಿರೋದು. ಮುಗಿಸಿಬಿಡು."

"ನೀವು ಪಾಸ್ ಅಂತ ಬರೆದಾಗಿದೆ. ಇನ್ನು ನಾನು ದಿಬ್ಬ ಹತ್ತಿದ್ರೂ ಒಂದೇ, ಜಾರಿದ್ರೂ ಒಂದೇ. ನಾಳೆ ವ್ಯಾನ್ ಓಡಿಸುವಾಗ, ಹಿಂದೆ ಅಷ್ಟು ಜನರ ಹೊದಿಕೆ ಇಟ್ಕೊಂಡು, ನನಗೆ ಓಡಿಸೋಕೆ ಬರುತ್ತಾ ಇಲ್ವಾ ಅಂತ ನನಗೇ ಗೊತ್ತಿರಲ್ಲ. ಇನ್ನೊಬ್ಬರು ಇನ್ಸ್‌ಪೆಕ್ಟರ್ ಇದಾರಲ್ಲ, ಅವರಿದ್ದಾಗ ಬರ್ತೀನಿ."

"ಗುರುವಾರ" ಎಂದ ಅವನು.

"ಗುರುವಾರ ಬರ್ತೀನಿ. ಅರ್ಧ ದಿನ ಸಂಬಳ ಹೋಗುತ್ತೆ, ಹೋಗ್ಲಿ." ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಳು. ಗುರುವಾರ ಅವಳು ಇದೇ ದಿಬ್ಬದಲ್ಲಿ ಜಾರುವುದು ಅವನಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಕ್ಲಚ್ಚಿನಿಂದ ಕಾಲನ್ನು ಬೇಗ ತೆಗೆಯುತ್ತಾಳೆ, ಬಲಗೈ ಬಿಗಿಯುತ್ತದೆ, ಗಾಡಿ ಜರ್ರೆಂದು ಹಿಂದಕ್ಕೆ ಬರುತ್ತದೆ. "ನೋಡಮ್ಮ, ದಿಬ್ಬದಲ್ಲಿ ನೀನು" ಎಂದು ಶುರುಮಾಡಿದ. ಅವಳು ತಿರುಗಿ ನೋಡಿದಳು. ಸುಕ್ಕಾದ ಬೆರಳು ಬಾಗಿಲಿನ ಮೇಲಿತ್ತು.

"ಏನು ಭಾವ?"

"ಏನಿಲ್ಲ. ಬಿಸಿಲಿದೆ, ನೆರಳಲ್ಲಿ ಹೋಗು."

ಅವಳು ದಿಬ್ಬವಿಳಿದು ಮೈದಾನದ ಅಂಚಿನಲ್ಲಿ, ನೆರಳಿಲ್ಲದ ಕಡೆಯೇ, ಗೇಟಿನತ್ತ ನಡೆದಳು. ಮೇಷ್ಟ್ರು ಅವಳಿಗೆ ಏನೋ ಕೇಳಿದ, ಅವಳು ತಲೆಯಾಡಿಸಿದಳು. ಸಾಲಿನಲ್ಲಿದ್ದವರೆಲ್ಲ ದಿಬ್ಬದ ಮಧ್ಯೆ ಚಾಲಕನಿಲ್ಲದೆ ನಿಂತ ಕಾರನ್ನೂ ಅದರೊಳಗೆ ಕೂತ ಇನ್ಸ್‌ಪೆಕ್ಟರನ್ನೂ ನೋಡುತ್ತಿದ್ದರು. ಕಾರನ್ನು ಯಾರಾದರೂ ಇಳಿಸಬೇಕು. ಮೇಷ್ಟ್ರನ್ನು ಕರೆಯಬಹುದಿತ್ತು. ಅವನು ಇಳಿದು, ಸುತ್ತಿ ಬಂದು, ಅವಳು ಮುಂದಕ್ಕೆ ಎಳೆದಿದ್ದ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಕೂತ. ಒಂಬತ್ತು ತಿಂಗಳ ಮೇಲೆ ಕಾಲಿನ ಕೆಳಗೆ ಮೂರು ಪೆಡಲುಗಳು ಸಿಕ್ಕಿದವು. ಬೀಗದ ಕೈ ತಿರುಗಿಸಿ, ಗೇರು ಹಾಕಿ, ಬ್ರೇಕ್ ಬಿಟ್ಟ. ಗಾಡಿ ಕೆಮ್ಮಿ ನಿಂತಿತು. ಚಪ್ಪರದ ಕೆಳಗೆ ಯಾರೋ ನಕ್ಕರು, ನಕ್ಕು ತಡೆದುಕೊಂಡರು. ಮತ್ತೆ ಹಚ್ಚಿದ. ಮತ್ತೆ ಕೆಮ್ಮಿತು, ಒಂದು ಗೇಣು ಹಿಂದಕ್ಕೆ ಜಾರಿತು. ಈಗ ಯಾರೂ ತಡೆದುಕೊಳ್ಳಲಿಲ್ಲ; ಬೆಳಿಗ್ಗೆ ಅವನಿಂದ ನಾಪಾಸಾದ ಕಾಲೇಜಿನ ಹುಡುಗಿ ಇನ್ನೂ ಅಲ್ಲಿಯೇ ಇದ್ದಳು, ಅವಳ ನಗು ಬೇರೆಯಾಗಿ ಕೇಳಿಸಿತು. ಮೇಷ್ಟ್ರು ಅರ್ಧ ದಾರಿ ಓಡಿಬಂದು, ಸಾಹೇಬರಿಗೆ ಹೇಳಿಕೊಡುವುದು ಹೇಗೆಂದು ತೋಚದೆ ನಿಂತ.

ಮೂರನೆಯ ಸಲ ಹಚ್ಚಿ ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟಾಗ ಗಾಡಿ ಇಡಿಯಾಗಿ ನಡುಗಿತು. ತೊಡೆ ನಡುಗುತ್ತಿತ್ತು. ಮೊದಲು ಅದು ಎಂಜಿನ್ನಿನದು ಎಂದುಕೊಂಡ; ಅಲ್ಲ, ತನ್ನದು. ಹತ್ತುತ್ತದೆಯೋ ಜಾರುತ್ತದೆಯೋ ಅವನಿಗೆ ತಿಳಿಯಲಿಲ್ಲ. ತಿಳಿಯದೆ ಇರುವುದು ಹೀಗಿರುತ್ತದೆ ಎಂದು ಅಷ್ಟು ಜನರ ಪಕ್ಕದಲ್ಲಿ ಕೂತಿದ್ದೂ ಅವನಿಗೆ ಗೊತ್ತಿರಲಿಲ್ಲ. ಕಾಲನ್ನು ಸಡಿಲಿಸಿದ. ಗಾಡಿ ಒಂದಿಷ್ಟು ಹಿಂದಕ್ಕೆ ಬಂದು, ಹಿಡಿದುಕೊಂಡು, ದಿಬ್ಬದ ನೆತ್ತಿಗೆ ಹತ್ತಿ ಆ ಕಡೆಗೆ ಇಳಿಯಿತು.

ಕೆಳಗೆ ನಿಲ್ಲಿಸಿ, ಇಳಿದು, ಪಕ್ಕದ ಸೀಟಿಗೆ ಮರಳಿ ಬಂದು ಕೂತ. ಹದಿನೈದನೆಯ ಹೆಸರನ್ನು ಕೂಗಿದ. ಯಾರೋ ಬಂದು ಬಾಗಿಲು ತೆರೆದರು. ಸೋಪಿನ ವಾಸನೆ, ಭಾರವಾದ ಉಸಿರು. ಸೀಟನ್ನು ಹಿಂದಕ್ಕೆ ಸರಿಸಿಕೊಂಡದ್ದು ಕೇಳಿಸಿತು, ಕನ್ನಡಿ ತಿರುಗಿಸಿದ್ದು ಕೇಳಿಸಿತು. ಅವನು ಅತ್ತ ಮುಖ ತಿರುಗಿಸಲಿಲ್ಲ. ಗಾಜಿನಾಚೆ ಕಾಣುವ ಮಣ್ಣಿನ ದಾರಿಯನ್ನಷ್ಟೇ ನೋಡುತ್ತ, "ಹೊರಡಿ" ಎಂದ.